ಜಡೆ ಕಲಿಸಲು ಹತ್ತು ಕುರ್ಚಿ: ಡಲ್ಲಾಸ್‌ನ ಐಸಿಸ್ ಬ್ರಾಂಟ್ಲಿ ಪ್ರಕರಣ

1997ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಮಫ್ತಿಯಲ್ಲಿ ಬಂದ ಪೊಲೀಸರು ಒಂದು ಸಲೂನಿಗೆ ನುಗ್ಗಿ, ಅದರ ಒಡತಿ ಐಸಿಸ್ ಬ್ರಾಂಟ್ಲಿಯವರಿಗೆ ಗಿರಾಕಿಗಳ ಎದುರಿನಲ್ಲೇ ಕೈಕೋಳ ಹಾಕಿ ಕರೆದೊಯ್ದರು. ಆಕೆಯ ಅಪರಾಧ ಜಡೆ ಹೆಣೆದದ್ದು. ಟೆಕ್ಸಸ್ ರಾಜ್ಯದ ಕಾನೂನಿನ ಪ್ರಕಾರ ಹಣ ಪಡೆದು ಮತ್ತೊಬ್ಬರ ಕೂದಲನ್ನು ಹೆಣೆಯಬೇಕಾದರೆ ಸೌಂದರ್ಯ ತಜ್ಞರ ಪರವಾನಗಿ ಬೇಕಿತ್ತು. ಅದು ಬ್ರಾಂಟ್ಲಿಯವರ ಬಳಿ ಇರಲಿಲ್ಲ.

ಆ ಬಂಧನದಿಂದ ಹಿಡಿದು ಟೆಕ್ಸಸ್ ತನ್ನ ಕಾನೂನನ್ನೇ ತೆಗೆದುಹಾಕಿದ 2015ರವರೆಗೆ ಹದಿನೆಂಟು ವರ್ಷಗಳಾದವು. ಇದನ್ನು ಸಾಮಾನ್ಯವಾಗಿ ಸರ್ಕಾರದ ಅತಿ ನಿಯಂತ್ರಣದ ಎದುರು ಗೆದ್ದ ಪುಟ್ಟ ಉದ್ಯಮಿಯ ಕಥೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಹಾಗೆ ಹೇಳಿದಾಗ ಪ್ರಕರಣದ ತಿರುಳೇ ಕೈತಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. 2007ರ ಹೊತ್ತಿಗೆ ಬ್ರಾಂಟ್ಲಿಯವರ ಸ್ವಂತ ದುಡಿಮೆಗೆ ಯಾವ ಅಡ್ಡಿಯೂ ಉಳಿದಿರಲಿಲ್ಲ. ಅವರು ಅಲ್ಲಿಗೇ ನಿಲ್ಲಬಹುದಿತ್ತು. ಆಮೇಲೂ ಅವರನ್ನು ನ್ಯಾಯಾಲಯಕ್ಕೆ ಎಳೆದು ತಂದದ್ದು ಹೆಣೆಯುವ ಹಕ್ಕಲ್ಲ, ಕಲಿಸುವ ಹಕ್ಕು.

ಆ ಕುರ್ಚಿಯ ಸುತ್ತ

ಸಹಜ ಕೂದಲಿನ ಸಲೂನ್ ಎಂದರೆ ಏನೆಂದು ಮೊದಲು ಹೇಳಬೇಕು, ಏಕೆಂದರೆ ನಮ್ಮ ಬ್ಯೂಟಿ ಪಾರ್ಲರ್‌ಗಳಿಂದ ಅದನ್ನು ಊಹಿಸಿಕೊಳ್ಳುವುದು ಕಷ್ಟ. ಆಫ್ರಿಕನ್ ಮೂಲದವರ ಗುಂಗುರು ಕೂದಲಿನ ಎಳೆ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು ಬೆಳೆಯುತ್ತದೆ. ನೆತ್ತಿಯ ಎಣ್ಣೆಯಂಶ ಆ ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ಆದ್ದರಿಂದ ಕೂದಲು ಬೇಗ ಒಣಗುತ್ತದೆ, ಬಾಚಿದಷ್ಟೂ ತುಂಡಾಗುತ್ತದೆ. ಇದಕ್ಕೆ ಹಳೆಯ ಕಾಲದಿಂದ ಬಂದ ಉಪಾಯವೇ ಹೆಣಿಗೆ. ನೆತ್ತಿಗೆ ಅಂಟಿಕೊಂಡಂತೆ ಸಾಲುಸಾಲಾಗಿ ಹೆಣೆದುಬಿಟ್ಟರೆ ವಾರಗಟ್ಟಲೆ ಬಾಚಣಿಗೆ ಮುಟ್ಟಿಸಬೇಕಿಲ್ಲ. ಕೂದಲು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಆ ಸಾಲುಗಳಿಗೆ ಅಮೆರಿಕದಲ್ಲಿ ಕಾರ್ನ್‌ರೋ ಎನ್ನುತ್ತಾರೆ, ಅಂದರೆ ಮೆಕ್ಕೆಜೋಳದ ಸಾಲು. ಕೆರಿಬಿಯನ್ ದ್ವೀಪಗಳಲ್ಲಿ ಅದೇ ಹೆಣಿಗೆಗೆ ಕೇನ್‌ರೋ ಎಂಬ ಹೆಸರು, ಕಬ್ಬಿನ ಸಾಲು. ಯಾವ ಹೊಲದಲ್ಲಿ ಗುಲಾಮರಾಗಿ ದುಡಿದರೋ ಆ ಹೊಲದ ಹೆಸರು ತಲೆಯ ಮೇಲಿನ ಹೆಣಿಗೆಗೆ ಬಂತು.

ಹೆಣಿಗೆ ಮಾತ್ರ ಆ ಹೊಲಗಳಿಗಿಂತ ಬಹಳ ಹಳೆಯದು. ನೈಜೀರಿಯಾದ ಯೊರುಬಾ ಜನರಲ್ಲಿ ಜಡೆಗಳನ್ನೆಲ್ಲ ನೆತ್ತಿಯ ಕಡೆಗೆ ಏರಿಸಿ ಬುಟ್ಟಿಯಂತೆ ಕಟ್ಟುವ ಶುಕು ಎಂಬ ಬಗೆ ಇವತ್ತಿಗೂ ಇದೆ. ಪಶ್ಚಿಮ ಆಫ್ರಿಕಾದ ಅನೇಕ ಸಮುದಾಯಗಳಲ್ಲಿ ವಯಸ್ಸು, ಮದುವೆ, ಕುಲ, ಶೋಕ ಇವೆಲ್ಲ ತಲೆಗಟ್ಟಿನಲ್ಲೇ ತಿಳಿಯುತ್ತಿದ್ದವು. ಗುಲಾಮರನ್ನು ಸಾಗಿಸಿದವರು ತಲೆ ಬೋಳಿಸಿದಾಗ ಕೂದಲಿನ ಜೊತೆಗೆ ಆ ಗುರುತೂ ಹೋಗುತ್ತಿತ್ತು. ಅಮೆರಿಕದ ತೋಟಗಳಲ್ಲಿ ಭಾನುವಾರ ಸಿಗುತ್ತಿದ್ದ ಬಿಡುವಿನಲ್ಲಿ ಒಬ್ಬರ ತಲೆಯನ್ನು ಇನ್ನೊಬ್ಬರು ಬಾಚಿ ಕಟ್ಟುತ್ತಿದ್ದರು. ದಕ್ಷಿಣ ಅಮೆರಿಕದ ಸುರಿನಾಮ್‌ನಲ್ಲಿ ತೋಟಗಳಿಂದ ತಪ್ಪಿಸಿಕೊಂಡು ಕಾಡು ಸೇರಿದವರ ವಂಶಸ್ಥರು, ತಮ್ಮ ಅಜ್ಜಿಯರು ಜಡೆಯೊಳಗೆ ಭತ್ತದ ಕಾಳು ಬಚ್ಚಿಟ್ಟು ತಂದರು ಎಂಬ ಕಥೆಯನ್ನು ಇಂದಿಗೂ ಹೇಳುತ್ತಾರೆ. ಸ್ಪೇನಿನ ಆಳ್ವಿಕೆಯಲ್ಲಿದ್ದ ಲೂಯಿಸಿಯಾನದಲ್ಲಿ 1786ರಲ್ಲಿ ಗವರ್ನರ್ ಎಸ್ತೆಬಾನ್ ಮಿರೋ, ಕಪ್ಪು ಸ್ತ್ರೀಯರು ತಲೆಗೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ. ಅವರು ಆ ಬಟ್ಟೆಯನ್ನೇ ಬಣ್ಣಬಣ್ಣದ ರುಮಾಲು ಮಾಡಿ ಸುತ್ತಿಕೊಂಡರು.

ಗುಲಾಮಗಿರಿ ಮುಗಿದ ಮೇಲೂ ಕೂದಲಿನ ಮೇಲಿನ ಅಪಮಾನ ಮುಗಿಯಲಿಲ್ಲ. ನೇರ ಕೂದಲು ‘ಒಳ್ಳೆಯ ಕೂದಲು’ ಎಂಬ ಮಾತು ಕಪ್ಪು ಕುಟುಂಬಗಳ ಒಳಗೇ ಬೇರೂರಿತು. ಕಾಯಿಸಿದ ಲೋಹದ ಬಾಚಣಿಗೆ ಬಂತು. ಅದರ ಹಿಂದೆ ಕೂದಲನ್ನು ನೇರಗೊಳಿಸುವ, ನೆತ್ತಿ ಸುಡುವಷ್ಟು ಕ್ಷಾರವಿರುವ ರಿಲ್ಯಾಕ್ಸರ್ ಬಂತು. ಅದರ ಬೆಲೆ ಏನೆಂಬುದಕ್ಕೆ 2022ರ ಒಂದು ಅಧ್ಯಯನ ಸುಳಿವು ಕೊಡುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರ ಮಾಹಿತಿ ಪರಿಶೀಲಿಸಿದರು. ಕೂದಲು ನೇರಗೊಳಿಸುವ ಉತ್ಪನ್ನಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64 ಇದ್ದರೆ, ಪದೇ ಪದೇ ಬಳಸಿದವರಲ್ಲಿ ಶೇ. 4.05 ಇತ್ತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಆ ಡಬ್ಬಿಗಳನ್ನು ಹೊರಗಿಟ್ಟ ಸಲೂನುಗಳ ಮೇಲೆ ನನ್ನ ಗೌರವ ಈ ಅಂಕಿಗಳನ್ನು ನೋಡಿದ ಮೇಲೆ ಹೆಚ್ಚಾಯಿತು.

ಅಂಥ ಸಲೂನಿನಲ್ಲಿ ಒಂದು ತಲೆಗೆ ನಾಲ್ಕರಿಂದ ಎಂಟು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಒಂದೇ ಕಡೆ ಕೂತವರು ಸುಮ್ಮನಿರುವುದುಂಟೇ? ಊಟ ಅಲ್ಲೇ ಆಗುತ್ತದೆ, ಮಕ್ಕಳ ಪರೀಕ್ಷೆಯ ಮಾತು, ಚರ್ಚಿನ ಸುದ್ದಿ, ಚುನಾವಣೆ, ಸತ್ತವರ ನೆನಪು ಎಲ್ಲವೂ ಅಲ್ಲೇ ಬರುತ್ತವೆ. ಅದರದೇ ಆದ ಮಾತುಗಳೂ ಇವೆ. ಹಿಂಗತ್ತಿನ ಗಂಟುಗೂದಲಿಗೆ ‘ಕಿಚನ್’ ಎನ್ನುತ್ತಾರೆ. ಹಣೆಯಂಚಿನ ಎಳೆಗೂದಲು ‘ಎಡ್ಜಸ್’. ಬಾಚಣಿಗೆ ತಾಕಿದರೆ ಸಾಕು ಅಳುವ ಮಗು ‘ಟೆಂಡರ್ ಹೆಡೆಡ್’. ಹಿರಿಯಳೊಬ್ಬಳು ಮೇಲೆ ಕೂತು, ಮಗುವನ್ನು ತನ್ನ ಎರಡು ಮೊಣಕಾಲುಗಳ ನಡುವೆ ನೆಲದ ಮೇಲೆ ಕೂರಿಸಿಕೊಂಡು ಬೈತಲೆ ತೆಗೆಯುವ ಭಂಗಿ ಕಪ್ಪು ಕುಟುಂಬಗಳ ಬಾಲ್ಯದ ನೆನಪುಗಳಲ್ಲೆಲ್ಲ ಬರುತ್ತದೆ. ಜಗಲಿಯ ಮೇಲೆ ಅಜ್ಜಿಯ ಮುಂದೆ ಕೂತು ಹರಳೆಣ್ಣೆ ಹಚ್ಚಿಸಿಕೊಂಡು ಜಡೆ ಹಾಕಿಸಿಕೊಂಡ ಯಾರಿಗೂ ಆ ಭಂಗಿಯನ್ನು ಬಿಡಿಸಿ ಹೇಳಬೇಕಿಲ್ಲ.

ಬ್ರಾಂಟ್ಲಿ ತಮ್ಮ ಸಲೂನಿಗೆ ನ್ಯಾಚುರಲಿ ಐಸಿಸ್ ಎಂದು ಹೆಸರಿಟ್ಟಿದ್ದರು. ಕಲಿಸುವ ಜಾಗಕ್ಕೆ ಇನ್‌ಸ್ಟಿಟ್ಯೂಟ್ ಆಫ್ ಆ್ಯನ್ಸೆಸ್ಟ್ರಲ್ ಬ್ರೈಡಿಂಗ್ ಎಂದು ಹೆಸರು, ಪೂರ್ವಿಕರ ಹೆಣಿಗೆಯ ಶಾಲೆ ಎಂದರ್ಥ. ಡಲ್ಲಾಸ್‌ನವರೇ ಆದ ಗಾಯಕಿ ಎರಿಕಾ ಬಡು ಬ್ರಾಂಟ್ಲಿಯವರ ಗಿರಾಕಿ. ದೇಶವೇ ಗುರುತಿಸುವ ಗಾಯಕಿಯ ತಲೆಗಟ್ಟು ಯಾರ ಕೈಯಲ್ಲಿ ಸಿದ್ಧವಾಗುತ್ತಿತ್ತೋ ಆ ಕೈಯನ್ನು ರಾಜ್ಯ ಸರ್ಕಾರ ಅನರ್ಹವೆಂದು ಪರಿಗಣಿಸಿತ್ತು.

ಪರವಾನಗಿಯ ಒಳಗೆ ಏನಿತ್ತು

1997ರ ಟೆಕ್ಸಸ್‌ನಲ್ಲಿ ಸೌಂದರ್ಯ ತಜ್ಞರ ಪರವಾನಗಿಗೆ 1,500 ಗಂಟೆಗಳ ತರಬೇತಿ ಬೇಕಿತ್ತು. ಕತ್ತರಿಸುವುದು, ಬಣ್ಣ ಹಾಕುವುದು, ರಾಸಾಯನಿಕ ಬಳಸಿ ಕೂದಲಿನ ಸ್ವರೂಪ ಬದಲಿಸುವುದು ಅದರ ಮುಖ್ಯ ಪಾಠಗಳು. ಅಂದರೆ ಸಹಜ ಕೂದಲಿನ ಸಲೂನು ಯಾವುದನ್ನು ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಬಾಗಿಲು ತೆರೆದಿತ್ತೋ ಅದನ್ನೇ ಕಲಿತು ಬಂದರೆ ಮಾತ್ರ ಬಾಗಿಲು ತೆರೆದಿಡಬಹುದಿತ್ತು. ಇದರಲ್ಲಿ ಯಾರೂ ಬೇಕೆಂದೇ ಸಂಚು ಮಾಡಿದ್ದರು ಎಂದು ನಾನು ಹೇಳುವುದಿಲ್ಲ. ಕಾನೂನು ಬರೆದವರ ಕಣ್ಣ ಮುಂದೆ ಒಂದೇ ಬಗೆಯ ತಲೆ ಇತ್ತು. ಮಿಕ್ಕ ತಲೆಗಳು ಅವರಿಗೆ ಕಾಣಲೇ ಇಲ್ಲ. ಕಾಣದೆ ಆದ ಅನ್ಯಾಯವೂ ಕೈಕೋಳ ಹಾಕಿಸಿಕೊಂಡವರಿಗೆ ಅಷ್ಟೇ ನೋಯುತ್ತದೆ.

ಈ ಜಗಳ ಡಲ್ಲಾಸ್‌ನಲ್ಲೇ ಶುರುವಾದದ್ದಲ್ಲ. ವಾಷಿಂಗ್ಟನ್ ನಗರದಲ್ಲಿ ತಾಲಿಬ್-ದಿನ್ ಉಕ್ದಾ ಮತ್ತು ಪಮೆಲಾ ಫೆರೆಲ್ ದಂಪತಿ 1980ರಲ್ಲಿ ಕಾರ್ನ್‌ರೋಸ್ ಅಂಡ್ ಕಂಪನಿ ಎಂಬ ಸಲೂನ್ ತೆರೆದಿದ್ದರು. ಅವರಿಗೂ ಇದೇ ಪರವಾನಗಿಯ ಕಾಟ. ಇನ್‌ಸ್ಟಿಟ್ಯೂಟ್ ಫಾರ್ ಜಸ್ಟೀಸ್ ಎಂಬ ಕಾನೂನು ಸಂಸ್ಥೆ 1991ರಲ್ಲಿ ಹುಟ್ಟಿದಾಗ ಅದು ಕೈಗೆತ್ತಿಕೊಂಡ ಮೊದಲ ಪ್ರಕರಣವೇ ಇವರದ್ದು. 1992ರಲ್ಲಿ ನ್ಯಾಯಾಲಯದಲ್ಲಿ ಸೋತರು. ಆದರೆ ಅದೇ ವರ್ಷ ನಗರ ಮಂಡಳಿ ನಿಯಮ ಬದಲಿಸಿತು. ಮಿಸ್ಸಿಸ್ಸಿಪ್ಪಿ ರಾಜ್ಯ 2005ರಲ್ಲಿ ಗಂಟೆಗಳ ಲೆಕ್ಕವನ್ನೇ ಬಿಟ್ಟು, ಹೆಸರು ನೋಂದಾಯಿಸಿ ಶುಚಿತ್ವದ ನಿಯಮ ಪಾಲಿಸಿದರೆ ಸಾಕು ಎಂದಿತು.

ಟೆಕ್ಸಸ್ 2007ರಲ್ಲಿ ಅರ್ಧ ದಾರಿ ಬಂತು. ಹೆಣೆಯುವವರಿಗೆಂದೇ 35 ಗಂಟೆಗಳ ಪ್ರತ್ಯೇಕ ಪ್ರಮಾಣಪತ್ರ ರೂಪಿಸಿ ಅದನ್ನು ಕ್ಷೌರಿಕರ ಕಾನೂನಿನ ಕೆಳಗೆ ಸೇರಿಸಿತು. ಹತ್ತು ವರ್ಷ ಹೋರಾಡಿದ್ದ ಬ್ರಾಂಟ್ಲಿಯವರಿಗೆ ಯಾವ ತರಗತಿಗೂ ಹೋಗದೆ ಆ ಪ್ರಮಾಣಪತ್ರ ಸಿಕ್ಕಿತು.

ಹತ್ತು ಕುರ್ಚಿ, ಐದು ಸಿಂಕ್

ಪ್ರಮಾಣಪತ್ರ ಗೋಡೆಗೆ ತೂಗುಹಾಕಿಕೊಂಡ ಮೇಲೆ ಬ್ರಾಂಟ್ಲಿಯವರಿಗೆ ಉಳಿದ ಪ್ರಶ್ನೆ ಇದು: ತಮ್ಮ ಬಳಿ ಕಲಿತ ಹುಡುಗಿಗೆ ಆ 35 ಗಂಟೆಗಳು ಲೆಕ್ಕಕ್ಕೆ ಬರುತ್ತವೆಯೇ? ಬರುವುದಿಲ್ಲ ಎಂದಿತು ರಾಜ್ಯ. ಪ್ರಮಾಣಪತ್ರಕ್ಕೆ ಒಪ್ಪಿಗೆಯಾಗುವ ತರಬೇತಿ ಕೊಡಬೇಕಾದರೆ ಅವರ ಶಾಲೆ ಕ್ಷೌರ ಕಾಲೇಜಾಗಬೇಕಿತ್ತು. ಅದಕ್ಕೆ ಕನಿಷ್ಠ 2,000 ಚದರ ಅಡಿ ಜಾಗ, ಹಿಂದಕ್ಕೆ ವಾಲುವ ಕುರ್ಚಿಗಳಿರುವ ಹತ್ತು ಕೆಲಸದ ತಾಣಗಳು, ಎರಡು ತಾಣಕ್ಕೊಂದರಂತೆ ಐದು ಸಿಂಕ್ ಬೇಕಿತ್ತು. ಅವರು ಸ್ವತಃ ಕ್ಷೌರ ತರಬೇತಿ, ಬೋಧಕರ ತರಬೇತಿ ಎಲ್ಲ ಸೇರಿ 2,250 ಗಂಟೆ ಕಲಿತು ನಾಲ್ಕು ಪರೀಕ್ಷೆಗಳನ್ನು ಪಾಸು ಮಾಡಬೇಕಿತ್ತು. ಇಷ್ಟೆಲ್ಲ ಆಗಬೇಕಾದದ್ದು 35 ಗಂಟೆಗಳ ಪಾಠಕ್ಕಾಗಿ, ಅದೂ ಆ ಪಾಠವನ್ನು ಸುಮಾರು ಮೂರು ದಶಕಗಳಿಂದ ಕಲಿಸುತ್ತ ಬಂದವರಿಗೆ.

ಈ ಅಂಕಿಗಳನ್ನು ಒಂದೊಂದಾಗಿ ಕೆಲಸದ ಪಕ್ಕದಲ್ಲಿಟ್ಟು ನೋಡಬೇಕು. ಹಿಂದಕ್ಕೆ ವಾಲುವ ಕುರ್ಚಿ ಗಡ್ಡ ಹೆರೆಯಲು ಬೇಕು; ಹೆಣೆಯುವವಳಿಗೆ ಗಿರಾಕಿ ನೆಟ್ಟಗೆ ಕೂತಿರಬೇಕು, ಹಿಂಗತ್ತು ಕೈಗೆ ಸಿಗಬೇಕು. ಸಿಂಕ್ ತಲೆ ತೊಳೆಯಲು ಬೇಕು. ಆದರೆ ಟೆಕ್ಸಸ್‌ನ ಹೆಣಿಗೆ ಪ್ರಮಾಣಪತ್ರ ತಲೆ ತೊಳೆಯುವ ಸೇವೆಗೆ ಅನುಮತಿಯನ್ನೇ ಕೊಡುತ್ತಿರಲಿಲ್ಲ. ಹೆಣಿಗೆಗೆ ನಿಜವಾಗಿ ಬೇಕಾದದ್ದು ಚೂಪುಬಾಲದ ಬಾಚಣಿಗೆ, ಸ್ವಲ್ಪ ಎಣ್ಣೆ, ನೋವಾಗದಂತೆ ಎಳೆಯುವ ಬೆರಳು. ಎಷ್ಟು ಬಿಗಿಯಾದರೆ ಹಣೆಯಂಚಿನ ಕೂದಲು ಬುಡಸಮೇತ ಕೀಳುತ್ತದೆ ಎಂಬುದನ್ನು ಆ ಬೆರಳಿಗೆ ಕಲಿಸುವುದೇ ಪಾಠದ ಹೆಚ್ಚಿನ ಪಾಲು. ಗುರು ಪಕ್ಕದಲ್ಲಿ ನಿಂತು ಶಿಷ್ಯೆಯ ಕೈಯನ್ನು ತಿದ್ದಬೇಕು. ಅದಕ್ಕೆ ಎರಡು ಸ್ಟೂಲು ಸಾಕು.

2013ರ ಅಕ್ಟೋಬರ್‌ನಲ್ಲಿ ಬ್ರಾಂಟ್ಲಿ ಟೆಕ್ಸಸ್‌ನ ಒಕ್ಕೂಟ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದರು. ವಕೀಲರು ವಾಷಿಂಗ್ಟನ್ ದಂಪತಿಯ ಪರ ನಿಂತಿದ್ದ ಅದೇ ಸಂಸ್ಥೆಯವರು. ಆ ಸಂಸ್ಥೆಯ ಒಲವು ಮುಕ್ತ ಮಾರುಕಟ್ಟೆಯ ಕಡೆಗೆ. ಅದರ ಎಲ್ಲ ನಿಲುವುಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಈ ಹೆಣ್ಣುಮಗಳ ಪಕ್ಕ ಬಂದು ನಿಂತವರು ಅವರು.

ತೀರ್ಪು

ಇಂಥ ಪ್ರಕರಣಗಳಲ್ಲಿ ಅಮೆರಿಕದ ನ್ಯಾಯಾಲಯ ಸರ್ಕಾರದ ಕಡೆಗೆ ಬಹಳ ಉದಾರವಾಗಿರುತ್ತದೆ. ನಿಯಮಕ್ಕೂ ಸಾರ್ವಜನಿಕರ ಆರೋಗ್ಯ, ಸುರಕ್ಷತೆಯಂಥ ಉದ್ದೇಶಕ್ಕೂ ಒಂದು ತರ್ಕಬದ್ಧ ಸಂಬಂಧವಿದೆ ಎಂದು ತೋರಿಸಿದರೆ ಸಾಕು, ನಿಯಮ ಉಳಿಯುತ್ತದೆ. ವಾಷಿಂಗ್ಟನ್ ದಂಪತಿ ಸೋತದ್ದೂ ಈ ಸಡಿಲ ಮಾನದಂಡದ ಎದುರಿನಲ್ಲೇ. ಹಾಗಾಗಿ ನ್ಯಾಯಾಧೀಶ ಸ್ಯಾಮ್ ಸ್ಪಾರ್ಕ್ಸ್ 2015ರ ಜನವರಿಯಲ್ಲಿ ಕೊಟ್ಟ ತೀರ್ಪಿಗೆ ತೂಕ ಹೆಚ್ಚು. ಜಾಗದ ಅಳತೆ, ಕುರ್ಚಿಗಳ ಸಂಖ್ಯೆ, ಸಿಂಕುಗಳ ಸಂಖ್ಯೆ ಈ ಮೂರನ್ನೂ ಹೆಣಿಗೆ ಶಾಲೆಗೆ ಅನ್ವಯಿಸುವುದರಲ್ಲಿ ಅಷ್ಟು ಮಾತ್ರದ ತರ್ಕವೂ ಇಲ್ಲ ಎಂದು ಅವರು ಹೇಳಿದರು. ಹೆಣಿಗೆಯನ್ನಷ್ಟೇ ಕಲಿಸುತ್ತ ಈ ಎಲ್ಲ ಷರತ್ತುಗಳನ್ನು ಪೂರೈಸಿದ ಒಂದೇ ಒಂದು ಶಾಲೆಯನ್ನು ತೋರಿಸಲು ರಾಜ್ಯಕ್ಕೆ ಆಗಲಿಲ್ಲ ಎಂಬುದನ್ನೂ ತೀರ್ಪು ಗಮನಿಸಿತು. ಬ್ರಾಂಟ್ಲಿಯವರ ಶಾಲೆಗೆ ಅಸಾಧ್ಯವಾಗಿದ್ದ ಷರತ್ತು ಎಲ್ಲರಿಗೂ ಅಸಾಧ್ಯವಾಗಿತ್ತು.

ಮುಂದಿನದು ಬೇಗ ನಡೆಯಿತು. ಟೆಕ್ಸಸ್ ಶಾಸನಸಭೆ ಎಚ್‌ಬಿ 2717 ಎಂಬ ಮಸೂದೆಯನ್ನು ಅಂಗೀಕರಿಸಿತು, ಗವರ್ನರ್ ಗ್ರೆಗ್ ಆ್ಯಬಟ್ ಜೂನ್‌ನಲ್ಲಿ ಸಹಿ ಹಾಕಿದರು. ಹೆಣೆಯಲೂ ಹೆಣೆಯುವುದನ್ನು ಕಲಿಸಲೂ ಇನ್ನು ಪರವಾನಗಿ ಬೇಕಿಲ್ಲ ಎಂದಾಯಿತು. ಟೆಕ್ಸಸ್‌ನ ಕಪ್ಪು ಜನರಿಗೆ ಜೂನ್ ಸಾಮಾನ್ಯ ತಿಂಗಳಲ್ಲ. 1865ರ ಜೂನ್ 19ರಂದು ಗ್ಯಾಲ್ವೆಸ್ಟನ್ ಬಂದರಿನಲ್ಲಿ ಜನರಲ್ ಗಾರ್ಡನ್ ಗ್ರೇಂಜರ್ ಗುಲಾಮರೆಲ್ಲ ಸ್ವತಂತ್ರರು ಎಂಬ ಆದೇಶ ಹೊರಡಿಸಿದ್ದ. ಜೂನ್‌ಟೀನ್ತ್ ಎಂದು ಅವರು ಹಬ್ಬವಾಗಿ ಆಚರಿಸುವ ದಿನ ಅದು. ಟೆಕ್ಸಸ್‌ನಲ್ಲಿ 1980ರಿಂದ, ಇಡೀ ದೇಶದಲ್ಲಿ 2021ರಿಂದ ರಜಾದಿನ. ಹೆಣಿಗೆಯ ಕಾನೂನು ಹೋದ 2015ರ ಜೂನ್, ಆ ಆದೇಶಕ್ಕೆ ನೂರೈವತ್ತು ವರ್ಷ ತುಂಬಿದ ಜೂನ್. ಹಬ್ಬಕ್ಕೆ ತಲೆ ಕಟ್ಟಿಸಿಕೊಳ್ಳಲು ಬಂದವರಿಂದ ಸಲೂನುಗಳು ತುಂಬಿರುವ ತಿಂಗಳಿನಲ್ಲೇ ಇದು ಆಯಿತು ಎಂಬುದು ನನಗೆ ಬಹಳ ಇಷ್ಟವಾದ ವಿವರ.

ರಾಜ್ಯದ ಆತಂಕದಲ್ಲಿ ಹುರುಳೇ ಇರಲಿಲ್ಲ ಎನ್ನಲಾಗದು. ಅತಿ ಬಿಗಿಯಾದ ಹೆಣಿಗೆಯಿಂದ ಕೂದಲು ಶಾಶ್ವತವಾಗಿ ಉದುರಿಹೋಗುವುದುಂಟು. ಚರ್ಮರೋಗ ತಜ್ಞರು ಇದಕ್ಕೆ ಟ್ರ್ಯಾಕ್ಷನ್ ಅಲೋಪೀಸಿಯಾ ಎನ್ನುತ್ತಾರೆ. ತೊಳೆಯದ ಬಾಚಣಿಗೆಯಿಂದ ನೆತ್ತಿಯ ಸೋಂಕು ಹರಡಬಹುದು. ಈ ಕಾರಣಕ್ಕೆ ಟೆಕ್ಸಸ್ ಮಾಡಿದಂತೆ ಎಲ್ಲವನ್ನೂ ತೆಗೆದುಹಾಕುವುದಕ್ಕಿಂತ ಮಿಸ್ಸಿಸ್ಸಿಪ್ಪಿಯ ದಾರಿ ಮೇಲು ಎಂದು ನಾನು ಭಾವಿಸುತ್ತೇನೆ: ಹೆಸರು ನೋಂದಾಯಿಸಿ, ಶುಚಿಯಾಗಿಡಿ, ಕೆಲಸ ಮಾಡಿ. ಆದರೆ ಬಿಗಿ ಎಷ್ಟಿರಬೇಕು ಎಂಬುದನ್ನು ಹೇಳಿಕೊಡಬಲ್ಲವರು ಬ್ರಾಂಟ್ಲಿಯಂಥವರೇ. ಅವರ ಬಾಯಿ ಕಟ್ಟಿದ ಕಾನೂನು ಯಾರ ನೆತ್ತಿಯನ್ನೂ ಕಾಪಾಡಲಿಲ್ಲ.

ನಮಗೆ ಹತ್ತಿರದ ಎರಡು ಎಳೆಗಳು

ಇದು ದೂರದ ಊರಿನ ಸಂಗತಿ ಎಂದು ಓದುತ್ತಿದ್ದಾಗ ಎರಡು ಎಳೆಗಳು ನನ್ನನ್ನು ಇತ್ತ ಎಳೆದವು. ಒಂದು, ತಿರುಮಲದಲ್ಲಿ ನಮ್ಮ ಜನ ಕೊಟ್ಟ ಮುಡಿ. ಅದು ಹರಾಜಾಗಿ, ಸಂಸ್ಕರಣೆಗೊಂಡು, ವಿಗ್ ಮತ್ತು ಜೋಡಣೆಯ ಕೂದಲಾಗಿ ಹೊರದೇಶಗಳಿಗೆ ಹೋಗುತ್ತದೆ, ಅಮೆರಿಕದ ಕಪ್ಪು ಮಹಿಳೆಯರ ಸಲೂನುಗಳಿಗೂ ತಲುಪುತ್ತದೆ. ನಾವು ಹರಕೆಯೊಪ್ಪಿಸಿದ ನೇರ ಕೂದಲು ಅಲ್ಲಿ ‘ಒಳ್ಳೆಯ ಕೂದಲು’ ಎಂಬ ಹಳೆಯ ಮಾತಿಗೆ ಸರಕಾಗುವುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಇನ್ನೊಂದು, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಯರು. ಆಫ್ರಿಕಾದಿಂದ ಬಂದವರ ವಂಶಸ್ಥರು, ಕನ್ನಡ ಕೊಂಕಣಿ ಮಾತನಾಡುವ ನಮ್ಮವರು. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬಸ್ಸಿನಲ್ಲಿ, ಶಾಲೆಯಲ್ಲಿ ಸಿದ್ದಿ ಮಗುವಿನ ಗುಂಗುರು ಕೂದಲನ್ನು ಕೇಳದೆ ಮುಟ್ಟಿ ನಗುವವರಿಗೆ ಡಲ್ಲಾಸ್ ಅಷ್ಟೇನೂ ದೂರವಲ್ಲ.

ಮುಗಿಯದ ಭಾಗ

ಹೆಣೆಯುವವರ ಪ್ರಕರಣ ಮುಗಿಯಿತು, ಹೆಣೆಸಿಕೊಂಡವರದ್ದು ಮುಗಿದಿಲ್ಲ. 1981ರಲ್ಲೇ ನ್ಯೂಯಾರ್ಕಿನ ಒಕ್ಕೂಟ ನ್ಯಾಯಾಲಯ, ಕಾರ್ನ್‌ರೋ ಹಾಕಿಕೊಂಡ ವಿಮಾನಯಾನ ಸಂಸ್ಥೆಯ ಉದ್ಯೋಗಿಯೊಬ್ಬರ ಮೊಕದ್ದಮೆಯಲ್ಲಿ, ಜಡೆ ಹುಟ್ಟಿನಿಂದ ಬಂದ ಲಕ್ಷಣವಲ್ಲ, ಸುಲಭವಾಗಿ ಬದಲಿಸಬಹುದಾದದ್ದು, ಆದ್ದರಿಂದ ಸಂಸ್ಥೆ ಅದನ್ನು ನಿಷೇಧಿಸಿದರೆ ಜನಾಂಗ ತಾರತಮ್ಯವಾಗದು ಎಂದಿತ್ತು. ಈ ತರ್ಕಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ 2019ರಲ್ಲಿ ಕ್ರೌನ್ ಕಾಯ್ದೆ ತಂದಿತು. ಜಡೆ, ಲಾಕ್ಸ್ (ಹಗ್ಗದಂತೆ ಗಂಟುಕಟ್ಟಿಕೊಂಡ ಜಟೆಗಳು), ತಿರುಚುಗಳಂಥ ಕೇಶವಿನ್ಯಾಸದ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರನ್ನೂ ಹೊರಗಿಡುವಂತಿಲ್ಲ ಎಂಬ ಕಾಯ್ದೆ ಅದು. ಟೆಕ್ಸಸ್‌ನಲ್ಲಿ ಅಂಥದೇ ಕಾಯ್ದೆ 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂತು.

ಅದರ ಹಿಂದಿನ ದಿನವೇ ಹ್ಯೂಸ್ಟನ್ ಸಮೀಪದ ಒಂದು ಪ್ರೌಢಶಾಲೆ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಅವನ ಲಾಕ್ಸ್‌ಗಾಗಿ ತರಗತಿಯಿಂದ ಹೊರಗಿಟ್ಟಿತು. ತಿಂಗಳುಗಟ್ಟಲೆ ಅವನು ಸಹಪಾಠಿಗಳಿಂದ ದೂರವೇ ಉಳಿದ. 2024ರ ಫೆಬ್ರವರಿಯಲ್ಲಿ ರಾಜ್ಯದ ನ್ಯಾಯಾಧೀಶರು ಶಾಲೆಯ ಪರ ತೀರ್ಪು ಕೊಟ್ಟರು: ಕಾಯ್ದೆ ಹೆಣಿಗೆಯ ಬಗೆಯನ್ನು ರಕ್ಷಿಸುತ್ತದೆ, ಕೂದಲಿನ ಉದ್ದವನ್ನಲ್ಲ. ಆ ಹುಡುಗ ಲಾಕ್ಸ್‌ಗಳನ್ನು ಮೇಲೆತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡೇ ಶಾಲೆಗೆ ಬರುತ್ತಿದ್ದ. ಅವು ಅವನ ಕಾಲರನ್ನು ಮುಟ್ಟುತ್ತಿರಲಿಲ್ಲ. ಶಾಲೆಯ ನಿಯಮ ಅಳೆಯುತ್ತಿದ್ದುದು, ಕಟ್ಟಿದ್ದನ್ನು ಬಿಚ್ಚಿದರೆ ಎಲ್ಲಿಯವರೆಗೆ ಇಳಿಯುತ್ತದೆ ಎಂಬುದನ್ನು.